ಮಣಿಯ ತೂತು ಹೇಳುವ ಕಥೆ

ಕೇಳುಗರಿಗೆ ನಮಸ್ಕಾರ.

ಮಣಿ ಕೈಗೆ ಸಿಕ್ಕರೆ ನಾವು ಮೊದಲು ಬಣ್ಣ ನೋಡುತ್ತೇವೆ, ಅಲ್ವಾ? ಇಂಗ್ಲೆಂಡಿನ ಹಳೇ ಗಾಜಿನ ಮಣಿಗಳ ಬೆನ್ನು ಹತ್ತಿದವರು ಮೊದಲು ನೋಡುವುದು ತೂತನ್ನು. ಭೂತಗನ್ನಡಿ ಹಿಡಿದರೆ ಎಷ್ಟೋ ಮಣಿಗಳಲ್ಲಿ ತೂತು ಒಂದು ಕಡೆ ಸ್ವಲ್ಪ ಅಗಲ, ಇನ್ನೊಂದು ಕಡೆ ಸ್ವಲ್ಪ ಕಿರಿದು. ಗಾಜಿನೊಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ತೂತಿನ ಸುತ್ತ ಬಳಸಿಕೊಂಡು ಹೋಗಿರುತ್ತವೆ. ಅಷ್ಟು ಸಾಕು. ಇದನ್ನು ಕೊರೆದಿಲ್ಲ. ಮೊನೆಯಾದ ಕಬ್ಬಿಣದ ಕಡ್ಡಿಗೆ ಮೆತ್ತಗಾದ ಗಾಜನ್ನು ಸುತ್ತಿ ಮಾಡಿದ್ದಾರೆ.

ಯಾರ ಮಣಿಗಳು ಇವು? ಐದನೇ ಶತಮಾನದ ಮೊದಲಲ್ಲಿ ಬ್ರಿಟನ್ನಿನಲ್ಲಿ ರೋಮನ್ನರ ಆಳ್ವಿಕೆ ಮುಗಿಯಿತು. ಆಮೇಲೆ ಈಗಿನ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ಸಮುದ್ರ ದಾಟಿ ಬಂದು ನೆಲೆಸಿದವರನ್ನೂ ಅವರ ಮುಂದಿನವರನ್ನೂ ಆಂಗ್ಲೋ-ಸ್ಯಾಕ್ಸನ್ನರು ಅನ್ನುತ್ತಾರೆ. ಅವರಲ್ಲಿ ಹೆಂಗಸರನ್ನು ಮಣ್ಣು ಮಾಡುವಾಗ ಉಟ್ಟ ಬಟ್ಟೆ, ತೊಟ್ಟ ಒಡವೆ ಸಮೇತ ಮಲಗಿಸುವ ರೂಢಿ ಇತ್ತು. ಎರಡು ಭುಜದ ಹತ್ತಿರ ಬಟ್ಟೆಗೆ ಎರಡು ದೊಡ್ಡ ಪಿನ್ನು, ಆ ಎರಡರ ನಡುವೆ ಎದೆಯ ಮೇಲೆ ಇಳಿಬಿದ್ದ ಮಣಿಸರ. ಗಾಜಿನ ಜೊತೆ ಅಂಬರ್, ಅಂದರೆ ಮರದ ಅಂಟು ಕಾಲಾಂತರದಲ್ಲಿ ಗಟ್ಟಿಯಾದದ್ದು, ಅದರ ಮಣಿಗಳೂ ಇರುತ್ತಿದ್ದವು. 597ರಲ್ಲಿ ಕೆಂಟ್ ಪ್ರಾಂತಕ್ಕೆ ಕ್ರೈಸ್ತ ಸನ್ಯಾಸಿ ಅಗಸ್ಟೀನ್ ಬಂದ. ಮುಂದಿನ ನೂರು ವರ್ಷದಲ್ಲಿ ಒಡವೆ ಸಮೇತ ಹೂಳುವ ರೂಢಿ ನಿಂತೇ ಹೋಯಿತು. ಹಾಗಾಗಿ ನಮಗೆ ಸಿಕ್ಕಿರುವ ಮಣಿಗಳಲ್ಲಿ ಹೆಚ್ಚಿನವು ಅದಕ್ಕೂ ಹಿಂದಿನ ಗೋರಿಗಳವು.

ಇವನ್ನು ಊರೂರು ಮ್ಯೂಸಿಯಂಗಳಲ್ಲಿ ಹುಡುಕಿ ಪಟ್ಟಿ ಮಾಡಿದವರು ಪುರಾತತ್ವ ಸಂಶೋಧಕಿ ಮಾರ್ಗರೆಟ್ ಗೈಡೊ. 1939ರಲ್ಲಿ ಇಂಗ್ಲೆಂಡಿನ ಸಟ್ಟನ್ ಹೂ ಎಂಬಲ್ಲಿ ಹಡಗಿನ ಸಮೇತ ಹೂಳಿದ ಆಂಗ್ಲೋ-ಸ್ಯಾಕ್ಸನ್ ಕಾಲದ ದೊಡ್ಡ ಗೋರಿಯೊಂದನ್ನು ಅಗೆದರು. ಅಲ್ಲಿ ಮೊದಲ ಚಿನ್ನದ ಒಡವೆ ಸಿಕ್ಕಿದ್ದು ಇದೇ ಹೆಣ್ಣುಮಗಳ ಕೈಗೆ. ಆಗ ಆಕೆಯ ಹೆಸರು ಪೆಗ್ಗಿ ಪಿಗಟ್. ಚಿನ್ನ ಕಂಡವರು ಕೊನೆಗೆ ಗಾಜಿನ ಮಣಿಯ ಹಿಂದೆ ಬಿದ್ದರು ಅನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ. ಆಕೆಯ ಕೆಲಸ ಪುಸ್ತಕವಾಗಿ ಬಂದದ್ದು 1999ರಲ್ಲಿ. ಅಷ್ಟು ಹೊತ್ತಿಗೆ ಆಕೆ ತೀರಿಕೊಂಡು ಐದು ವರ್ಷ ಆಗಿತ್ತು. ಮುಂದೆ 2004ರಲ್ಲಿ ಬಿರ್ಟೆ ಬ್ರುಗ್ಮನ್ ಎಂಬ ಸಂಶೋಧಕಿ, ಯಾವ ಬಗೆಯ ಮಣಿ ಯಾವ ಕಾಲದ್ದು ಎಂದು ವಿಂಗಡಿಸಿ ಕೊಟ್ಟರು. ಮಣಿಗಳ ಒಂದು ಬಗೆಗೆ ಸಂಶೋಧಕರು ಇಟ್ಟುಕೊಂಡಿರುವ ಹೆಸರು ಟ್ರಾಫಿಕ್ ಲೈಟ್! ಕೆಂಪು, ಹಳದಿ, ಹಸಿರು, ಮೂರೂ ಒಂದೇ ಮಣಿಯಲ್ಲಿ.

ಈಗ ಇಂಥದ್ದೊಂದು ಮಣಿಯನ್ನು ಮತ್ತೆ ಮಾಡಲು ಕೂತವರ ಪಾಡು ಕೇಳಿ. ಕಡ್ಡಿಗೆ ಗಾಜು ಅಂಟದಿರಲಿ ಅಂತ ಮೊದಲು ಜೇಡಿಮಣ್ಣಿನ ತಿಳಿ ಹಚ್ಚಿ ಒಣಗಿಸುತ್ತಾರೆ. ಒಂದು ಕೈಯಲ್ಲಿ ಕಡ್ಡಿ, ಇನ್ನೊಂದರಲ್ಲಿ ಗಾಜಿನ ಕೋಲು. ಗಾಜು ಜೇನಿನಂತೆ ಇಳಿಯತೊಡಗಿದಾಗ ಕಡ್ಡಿಯನ್ನು ತಿರುಗಿಸುತ್ತಾ ಸುತ್ತಿಕೊಳ್ಳಬೇಕು. ತಿರುಗಿಸುವುದು ನಿಲ್ಲಿಸಿದರೆ ಗಾಜು ಒಂದೇ ಕಡೆ ಜೋತು ಬೀಳುತ್ತದೆ. ಆಮೇಲೆ ಅಲಂಕಾರ. ಇನ್ನೊಂದು ಬಣ್ಣದ ತೆಳ್ಳನೆ ಎಳೆಯನ್ನು ಮಣಿಯ ಮೈಮೇಲೆ ಅತ್ತ ಇತ್ತ ಅಲೆಯಂತೆ ಹರಿಸಿ, ಅದರ ಮೇಲೆ ಅಡ್ಡಹಾಯುವಂತೆ ಎರಡನೇ ಅಲೆ. ನಡುವಿನ ಜಾಗದಲ್ಲಿ ಚುಕ್ಕಿ. ಹಳೇ ಮಣಿಯಲ್ಲಿ ಯಾವ ಎಳೆ ಯಾವುದರ ಮೇಲೆ ಹಾಯ್ದಿದೆ ನೋಡಿ, ಎಳೆಯ ಎರಡು ತುದಿ ಎಲ್ಲಿ ಕೂಡಿವೆ ನೋಡಿ. ಯಾವುದು ಮೊದಲು ಬಿತ್ತು, ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಗೊತ್ತಾಗುತ್ತದೆ. ಕೈಯಾರೆ ಮಾಡಿದವರ ಕಣ್ಣಿಗೆ ಇದು ಬೇಗ ಬೀಳುತ್ತದೆ. ಸುಮ್ನೆ ಗಾಜಿನ ಪೆಟ್ಟಿಗೆಯ ಆಚೆ ನಿಂತು ನೋಡುವ ನಮಗೆ ಬೀಳುವುದಿಲ್ಲ.

ಸುತ್ತುವುದು ಅಭ್ಯಾಸದಿಂದ ಬರುತ್ತದೆ. ಕಾಡುವುದು ಬಣ್ಣ. ಆ ಕೆಂಪಿಗೆ ಕಾರಣ ತಾಮ್ರ. ಆದರೆ ಬೆಂಕಿಯಲ್ಲಿ ಗಾಳಿ ಕಡಿಮೆ ಇದ್ದರೆ ಮಾತ್ರ ತಾಮ್ರ ಕೆಂಪು ಕೊಡುತ್ತದೆ. ಗಾಳಿ ಜಾಸ್ತಿ ಆಯಿತೋ, ಅದೇ ತಾಮ್ರ ಹಸಿರಿಗೆ ತಿರುಗುತ್ತದೆ. ಹಳದಿಯದು ಇನ್ನೊಂದು ರಗಳೆ. ಅದು ಸೀಸ ಮತ್ತು ತವರದಿಂದ ಬಂದ ಬಣ್ಣ. ಕಾವು ಮಿತಿ ಮೀರಿದರೆ ಬಣ್ಣವೇ ಕರಗಿ ಮಂಕಾಗುತ್ತದೆ. ಹೊಗೆಯಾಡುವ ಇದ್ದಿಲ ಕುಲುಮೆಯ ಮುಂದೆ, ತಿದಿ ಒತ್ತಿಸಿಕೊಂಡು, ಈ ಎರಡನ್ನೂ ಒಂದೇ ಮಣಿಯಲ್ಲಿ ಕೆಡದಂತೆ ಉಳಿಸಿದವರು ಸಾಮಾನ್ಯರಲ್ಲ. ಇಂದು ಬಹಳ ಜನ ಗ್ಯಾಸ್ ಟಾರ್ಚ್ ಮುಂದೆ ಕೂತು ಇಟಲಿಯಿಂದ ಬರುವ ಗಾಜಿನ ಕೋಲುಗಳಲ್ಲಿ ಮಾಡುತ್ತಾರೆ. ಮಣಿ ಚೆನ್ನಾಗಿಯೇ ಬರುತ್ತದೆ. ಆದರೆ ಅದನ್ನು ಹಳೇ ಮಣಿಯ ಪ್ರತಿ ಅನ್ನಲು ನಾನು ಒಪ್ಪುವುದಿಲ್ಲ. ಆಕಾರ ಅದೇ, ಗಾಜು ಬೇರೆ.

ಆ ಕಾಲದ ಗಾಜಾದರೂ ಇಂಗ್ಲೆಂಡಿನದಲ್ಲ. ಈಜಿಪ್ಟಿನಲ್ಲೂ ಮೆಡಿಟರೇನಿಯನ್ ಸಮುದ್ರದ ಪೂರ್ವ ದಡದಲ್ಲೂ ಮರಳಿಗೆ ನೇಟ್ರಾನ್ ಎಂಬ ಸೋಡಾ ಉಪ್ಪು ಬೆರೆಸಿ ಕರಗಿಸುತ್ತಿದ್ದರು. ಆ ಗಾಜು ಗಟ್ಟಿಗಟ್ಟಿಯಾಗಿ ಎಲ್ಲೆಡೆಗೂ ಹೋಗುತ್ತಿತ್ತು. ಇಂಗ್ಲೆಂಡಿನಲ್ಲಿ ಒಡೆದ ರೋಮನ್ ಪಾತ್ರೆಗಳ ಚೂರನ್ನೂ ಮತ್ತೆ ಕರಗಿಸಿಕೊಂಡರು. ಅಲ್ಲಿಯ ಗಾಜಿನ ಕೆಲಸ ಎಷ್ಟು ಬಡವಾಗಿತ್ತೆಂದರೆ, 674ರಲ್ಲಿ ಶುರುವಾದ ಮಂಕ್‌ವೇರ್‌ಮತ್ ಮಠದ ಕಿಟಕಿಗಳಿಗಾಗಿ ಗಾಜಿನ ಕೆಲಸಗಾರರನ್ನು ಈಗಿನ ಫ್ರಾನ್ಸಿನಿಂದ ಕರೆಸಬೇಕಾಯಿತು. ಅದೇ ಮಠದಲ್ಲಿ ಬೆಳೆದ ಬೀಡ್ ಎಂಬ ಸನ್ಯಾಸಿ ಇದನ್ನು ಬರೆದಿಟ್ಟಿದ್ದಾನೆ.

ನಮ್ಮ ಕಡೆಯ ನಂಟೂ ಒಂದಿದೆ. ಫ್ರಾನ್ಸ್, ಬೆಲ್ಜಿಯಂ ಕಡೆಯ ಐದು-ಆರನೇ ಶತಮಾನದ ಗೋರಿಗಳಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಗಾಜಿನ ಮಣಿಗಳು ಸಿಕ್ಕಿವೆ. ಅವುಗಳ ರಾಸಾಯನಿಕ ಪರೀಕ್ಷೆ ಮಾಡಿದಾಗ ಗಾಜು ಭಾರತ ಉಪಖಂಡದ್ದು ಎಂದು ತಿಳಿಯಿತು. ಈ ಮಣಿಗಳನ್ನು ನಮ್ಮವರು ಕಡ್ಡಿಗೆ ಸುತ್ತಿ ಮಾಡುತ್ತಿರಲಿಲ್ಲ. ಗಾಜನ್ನು ಉದ್ದನೆ ಕೊಳವೆಯಾಗಿ ಎಳೆದು ಚೂರು ಚೂರಾಗಿ ಕತ್ತರಿಸುತ್ತಿದ್ದರು. ಅದರಲ್ಲಿ ಗುಳ್ಳೆಗಳು ತೂತಿನ ಉದ್ದಕ್ಕೇ ಸಾಗಿರುತ್ತವೆ. ಮನೆಯಲ್ಲಿ ಹಳೇ ಕರಿಮಣಿ ಇದ್ದರೆ ಬೆಳಕಿಗೆ ಹಿಡಿದು ನೋಡಿ, ಸುತ್ತಿದ್ದೋ ಎಳೆದದ್ದೋ ಎಂದು. ತೀರ ಕಪ್ಪಾಗಿದ್ದರೆ ಏನೂ ಕಾಣದು, ನನ್ನನ್ನು ಬೈಯಬೇಡಿ.

ಇಷ್ಟೆಲ್ಲ ಮಣಿ ಸಿಕ್ಕಿದರೂ ಆರಂಭದ ಆಂಗ್ಲೋ-ಸ್ಯಾಕ್ಸನ್ ಮಣಿಗಾರರ ಕುಲುಮೆ ಸಿಗುವುದು ತೀರ ಅಪರೂಪ. ಕಾರಣ ಊಹಿಸಲು ಕಷ್ಟವಿಲ್ಲ. ಈ ಕೆಲಸಕ್ಕೆ ಬೇಕಾದದ್ದು ಮಣ್ಣಿನ ಒಂದು ಚಿಕ್ಕ ಒಲೆ, ತಿದಿ, ಮಣಿ ನಿಧಾನವಾಗಿ ಆರಲು ಬಿಸಿ ಬೂದಿ. ಕೆಲಸ ಮುಗಿದ ಮೇಲೆ ಉಳಿಯುವುದು ಸುಟ್ಟ ಮಣ್ಣು ಮಾತ್ರ. ಡೆನ್ಮಾರ್ಕಿನ ರೀಬೆ ಪಟ್ಟಣದಲ್ಲಿ ಎಂಟನೇ ಶತಮಾನದ ಮಣಿಗಾರರ ಜಾಗ ಸಿಕ್ಕಿದೆ. ಅಲ್ಲಿ ಗುರುತು ಕೊಟ್ಟದ್ದು ಚೆಲ್ಲಿದ ಗಾಜಿನ ಹನಿಗಳು, ಕೆಟ್ಟುಹೋದ ಮಣಿಗಳು, ರೋಮನ್ ಕಟ್ಟಡಗಳ ಮೊಸಾಯಿಕ್‌ನಿಂದ, ಅಂದರೆ ಬಣ್ಣದ ಚೂರು ಜೋಡಿಸಿ ಮಾಡಿದ ಚಿತ್ತಾರದಿಂದ, ಕಿತ್ತು ತಂದ ಗಾಜಿನ ಚೌಕಗಳು. ಚಿನ್ನ ಲೇಪಿಸಿದ ಚೌಕ ಬಂದರೆ ಅವರು ಚಿನ್ನವನ್ನು ಬೇರೆ ಮಾಡಿಕೊಂಡು, ಉಳಿದ ಗಾಜನ್ನು ಬಿಳಿ ಮಣಿಗೆ ಬಳಸುತ್ತಿದ್ದರು ಎಂದು 2022ರ ಅಧ್ಯಯನವೊಂದು ಹೇಳಿದೆ. ಆ ಗಾಜಿಗೆ ಬಿಳುಪು ಬರಿಸಲು ಅವರು ಕಂಡುಕೊಂಡ ಉಪಾಯ, ಅದರೊಳಗೆ ಗಾಳಿಯ ಸಣ್ಣ ಗುಳ್ಳೆ ತುಂಬುವುದು.

ನಮಸ್ಕಾರ.