ಹಂಪಿಯ ಹೊಳೆದಂಡೆ ದಾರಿ: ವಿರೂಪಾಕ್ಷನಿಂದ ವಿಠ್ಠಲನವರೆಗೆ ನಡೆದುಕೊಂಡೇ ಹೋಗೋಣ

[ದೃಶ್ಯ: ಬೆಳಗಿನ ಹಂಪಿ ಬಜಾರು. ಹಿಂದೆ ವಿರೂಪಾಕ್ಷನ ಗೋಪುರ.]

ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಕೇಳಿದ್ದರು: "ಅಮ್ಮನಿಗೆ ಮಂಡಿ ನೋವು, ಬೆಟ್ಟ ಹತ್ತೋಕೆ ಆಗಲ್ಲ. ಹಂಪಿಯಲ್ಲಿ ನಿಧಾನಕ್ಕೆ ನಡೆದುಕೊಂಡು ನೋಡೋ ಹಾಗೆ ಏನಾದ್ರೂ ಇದೆಯಾ?"

ಇದೆ. ಹಂಪಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿಯೇ ಅದು. ತುಂಗಭದ್ರೆಯ ದಂಡೆ ಹಿಡಿದು ವಿರೂಪಾಕ್ಷ ದೇವಸ್ಥಾನದಿಂದ ವಿಠ್ಠಲ ದೇವಸ್ಥಾನಕ್ಕೆ ಹೋಗುವ ಕಾಲುದಾರಿ. ಸುಮಾರು 2 ಕಿಲೋಮೀಟರ್ ಅಷ್ಟೇ. ಜಾಸ್ತಿ ಜನ ವಿರೂಪಾಕ್ಷನ ದರ್ಶನ ಮುಗಿಸಿ ಮತ್ತೆ ಗಾಡಿ ಹತ್ತುತ್ತಾರೆ, ಕಮಲಾಪುರದ ಕಡೆಯಿಂದ ಸುತ್ತಿ ವಿಠ್ಠಲನ ಹತ್ತಿರ ಇಳಿಯುತ್ತಾರೆ. ನಡುವಿನ ಹಂಪಿ ಅವರಿಗೆ ಸಿಗೋದೇ ಇಲ್ಲ.

ಹೊಸಪೇಟೆಯಿಂದ ಹಂಪಿ 13 ಕಿಲೋಮೀಟರ್. ಬಸ್ಸು, ಆಟೋ ಎರಡೂ ಸಿಗುತ್ತವೆ. ವಿಜಯನಗರದ ಇತಿಹಾಸ ಶಾಲೆಯಲ್ಲೇ ಓದಿದ್ದೀರಿ, ಅದನ್ನು ಇಲ್ಲಿ ಮತ್ತೆ ಹೇಳಲ್ಲ. ಬೆಳಿಗ್ಗೆ ಏಳಕ್ಕೆ ಹೊರಡಿ. ಹನ್ನೊಂದರ ಮೇಲೆ ಇಲ್ಲಿನ ಬಂಡೆ ಕಾದ ಹೆಂಚು. ನೀರು, ಟೋಪಿ, ಗಟ್ಟಿ ಚಪ್ಪಲಿ ಇರಲಿ.

[ದೃಶ್ಯ: ಬಜಾರಿನ ಕಲ್ಲು ಮಂಟಪಗಳ ಸಾಲು. ಕೊನೆಯಲ್ಲಿ ಎದುರು ಬಸವಣ್ಣ.]

ಗೋಪುರಕ್ಕೆ ಬೆನ್ನು ಹಾಕಿ ಬಜಾರಿನ ಉದ್ದಕ್ಕೂ ನೇರ ನಡೆಯಿರಿ. ತುದಿಯಲ್ಲಿ ಎದುರು ಬಸವಣ್ಣ ಕೂತಿದ್ದಾನೆ. ಅಲ್ಲಿಗೆ ತಲುಪುವ ಸ್ವಲ್ಪ ಮುಂಚೆ ಎಡಕ್ಕೆ ಹೊಳೆಯ ಕಡೆ ದಾರಿ ಒಡೆಯುತ್ತದೆ. ಮುಂದೆ ಒಂದು ಕಡೆ ದೊಡ್ಡ ಬಂಡೆಯ ಅಡಿಯಲ್ಲೇ ನುಸುಳಿ ಹೋಗಬೇಕು.

ಈಗ ನಿಲ್ಲಿ. ಪಕ್ಕದ ಬಂಡೆಗಳನ್ನು ನೋಡಿ.

[ದೃಶ್ಯ: ಬಂಡೆಯ ಮೇಲೆ ಸಾಲು ತೂತುಗಳು, ತೀರಾ ಹತ್ತಿರದಿಂದ. ಕೈಬೆರಳು ತೂತಿನೊಳಗೆ.]

ಸಾಲಾಗಿ ತೂತುಗಳು ಕಾಣುತ್ತವಾ? ದಾರ ಹಿಡಿದು ಹಾಕಿದಷ್ಟು ನೇರ. ಉದ್ದುದ್ದ, ಚೌಕ ಬಾಯಿ. ನನ್ನ ಎರಡು ಬೆರಳು ಒಳಗೆ ಹೋಗುತ್ತವೆ. ಇವು ಕಲ್ಲುಕುಟಿಗರು ಕೊರೆದ ಬೆಣೆಯ ತೂತುಗಳು. ನನ್ನ ಮಟ್ಟಿಗೆ ಕಲ್ಲಿನ ರಥಕ್ಕಿಂತ ದೊಡ್ಡ ಬೆರಗು ಇದೇ.

ಬಂಡೆ ಎಲ್ಲಿ ಒಡೆಯಬೇಕೋ ಅಲ್ಲಿ ಗೆರೆ ಹಾಕಬೇಕು. ಆ ಗೆರೆಯ ಮೇಲೆ ಉಳಿಯಿಂದ ತೂತು ಕೊರೆಯಬೇಕು. ಒಂದೊಂದಕ್ಕೂ ಬೆಣೆ ಇಟ್ಟು, ಸುತ್ತಿಗೆಯಿಂದ ಈ ತುದಿಯಿಂದ ಆ ತುದಿಗೆ ಬಡಿಯುತ್ತಾ ಹೋಗಬೇಕು. ಮತ್ತೆ ವಾಪಸ್. ಯಾವ ಬೆಣೆಗೂ ಜಾಸ್ತಿ ಪೆಟ್ಟು ಬೀಳಬಾರದು. ಬೆಣೆ ಬಿಗಿಯಾದ ಹಾಗೆ ಪೆಟ್ಟಿನ ಸದ್ದು ಬದಲಾಗುತ್ತದೆ. ಕಸುಬಿನವರು ಕೆಲಸ ಎಲ್ಲಿಗೆ ಬಂತು ಅಂತ ಕಿವಿಯಲ್ಲೇ ಹೇಳಿಬಿಡುತ್ತಾರೆ. ಒಳಗೊಳಗೇ ಬಿರುಕು ತೂತಿನಿಂದ ತೂತಿಗೆ ಓಡುತ್ತದೆ. ಆಮೇಲೆ ಬಂಡೆ ಎರಡು ಹೋಳು.

ಅಂಚೆ ಚೀಟಿಯ ಹಾಳೆ ನೆನಪಿದೆಯಾ? ತೂತಿನ ಸಾಲು ಇದ್ದಲ್ಲೇ ಹರಿಯುತ್ತಿತ್ತು, ಅಲ್ವಾ? ಅದೇ ಲೆಕ್ಕ. ಅಲ್ಲಿ ಕಾಗದ, ಇಲ್ಲಿ ಗ್ರಾನೈಟ್. ಒಣ ಮರದ ಬೆಣೆ ಹೊಡೆದು ನೀರು ಸುರಿಯುತ್ತಿದ್ದರು, ಮರ ಉಬ್ಬಿ ಬಂಡೆ ಸೀಳುತ್ತಿತ್ತು ಅಂತಲೂ ಇಲ್ಲಿನ ಗೈಡುಗಳು ಹೇಳುತ್ತಾರೆ.

ಒಡೆದ ಬಂಡೆಯ ಅಂಚು ಮುಟ್ಟಿ ನೋಡಿ. ಅರ್ಧರ್ಧ ತೂತು ಉಳಿದು ಹಲ್ಲಿನ ಸಾಲಿನ ಹಾಗಿದೆ. ಇನ್ನರ್ಧ ಯಾವ ಮಂಟಪದ ಕಂಬವಾಯಿತೋ, ಯಾವ ಚಪ್ಪಡಿಯಾಯಿತೋ. ಇನ್ನು ಕೆಲವು ಬಂಡೆಗಳಲ್ಲಿ ತೂತು ಇದೆ, ಬಂಡೆ ಮಾತ್ರ ಇಡಿಯಾಗೇ ಇದೆ. ಯಾರೋ ಗೆರೆ ಹಾಕಿ, ಕೊರೆದು, ಅಷ್ಟಕ್ಕೇ ಬಿಟ್ಟು ಹೋದ ಕೆಲಸ. ಅಂಥ ಬಂಡೆಯ ಮುಂದೆ ನಾನು ಪ್ರತಿ ಸಲ ನಿಲ್ಲುತ್ತೇನೆ.

ಈ ಬಂಡೆಗಳನ್ನು ಯಾರೂ ತಂದು ಪೇರಿಸಿದ್ದಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಿಸಿಲು ಮಳೆಗೆ ಸವೆದು ಇದ್ದಲ್ಲೇ ಹೀಗೆ ದುಂಡಗಾಗಿದೆ. ಬೆಂಗಳೂರು ಮೈಸೂರು ದಾರಿಯಲ್ಲಿ ರಾಮನಗರದ ಬೆಟ್ಟ ನೋಡಿರ್ತೀರಲ್ವಾ? ಅದೂ ಇದೂ ಒಂದೇ ಕಲ್ಲಿನ ಪಟ್ಟಿ. ರಾಮನಗರದ ಹಳೆ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಈ ಕಲ್ಲನ್ನು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯುತ್ತಾರೆ.

[ದೃಶ್ಯ: ಚಕ್ರತೀರ್ಥ. ನೀರಿನ ಮೇಲೆ ಹರಿಗೋಲು.]

ಮುಂದಿನದು ಚಕ್ರತೀರ್ಥ. ಹೊಳೆ ಬಂಡೆಗಳ ನಡುವೆ ಇಲ್ಲಿ ತಿರುಗುತ್ತದೆ. ದಂಡೆಯಲ್ಲೇ ಕೋದಂಡರಾಮನ ಗುಡಿ. ರಾಮ ಸುಗ್ರೀವನಿಗೆ ಪಟ್ಟ ಕಟ್ಟಿದ ಜಾಗ ಇದು ಅನ್ನೋ ನಂಬಿಕೆ. ಇದರ ಹಿಂದೆ ಸ್ವಲ್ಪ ಮೆಟ್ಟಿಲು ಹತ್ತಿದರೆ ಯಂತ್ರೋದ್ಧಾರಕ ಹನುಮಂತ, ವ್ಯಾಸರಾಯರು ಪ್ರತಿಷ್ಠೆ ಮಾಡಿದ್ದು. ಅಮ್ಮ ಕೆಳಗೇ ಕೂತು ಹೊಳೆ ನೋಡುತ್ತಿರಲಿ, ನೀವು ಹೋಗಿ ಬನ್ನಿ.

ಕೂತವರಿಗೆ ಹರಿಗೋಲು ಕಾಣುತ್ತದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನೇ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತವೆ ಅಂತ. ನೇರ ಹೋಗಲ್ಲ, ಗಿರಗಿರ ಸುತ್ತುತ್ತಲೇ ಇರುತ್ತದೆ ಅಂತಲೂ ಬರೆದಿದ್ದಾನೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಸುತ್ತೋದು ಮಾತ್ರ ಹಾಗೇ ಇದೆ. ನೀರು ಕಮ್ಮಿ ಇದ್ದಾಗ ಇದರಲ್ಲೇ ಕೋಟಿಲಿಂಗ ನೋಡಿ ಬರಬಹುದು, ದಂಡೆಯ ಹಾಸುಬಂಡೆಯ ಮೇಲೆ ಸಾಲು ಸಾಲಾಗಿ ಕೆತ್ತಿದ ಲಿಂಗಗಳು.

ಮಳೆಗಾಲದಲ್ಲಿ ಒಂದು ಎಚ್ಚರ. ಮೇಲೆ ಹೊಸಪೇಟೆಯಲ್ಲಿ ಅಣೆಕಟ್ಟೆ ಇದೆ. ಗೇಟು ತೆಗೆದರೆ ಇಲ್ಲಿ ನೀರು ಏರುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟೇ ಕಿತ್ತು ಹೋಗಿದ್ದು ನೆನಪಿರಬಹುದು. ಹೊರಡುವ ಮುಂಚೆ ಸ್ಥಳೀಯರನ್ನು ಕೇಳಿ.

ಹೊತ್ತಾಯಿತು, ಉಳಿದದ್ದು ಬೇಗ ಹೇಳಿಬಿಡ್ತೀನಿ. ಬಲಕ್ಕೆ ಅಚ್ಯುತಪೇಟೆಯ ಹಳೆ ಬೀದಿ, ಅದರ ತುದಿಗೆ 1534ರ ಅಚ್ಯುತರಾಯ ದೇವಸ್ಥಾನ. ಜನ ಕಮ್ಮಿ, ಕೂರೋಕೆ ಒಳ್ಳೆ ನೆರಳು. ಮುಂದೆ ಸುಗ್ರೀವನ ಗುಹೆ. ಹತ್ತಿರದ ಬಂಡೆಯ ಮೇಲಿನ ಬಿಳಿ ಗೆರೆ ಸೀತೆಯ ಸೀರೆ ಎಳೆದ ಗುರುತು ಅಂತಾರೆ. ಹೊಳೆಯೊಳಗೆ ಹಳೆ ಸೇತುವೆಯ ಕಲ್ಲುಕಂಬಗಳು ಇನ್ನೂ ನಿಂತಿವೆ. ನೀರಿನ ಪಕ್ಕದಲ್ಲೇ ಪುರಂದರದಾಸರ ಮಂಟಪ, ಪ್ರವಾಹ ಬಂದರೆ ಮೊದಲು ಮುಳುಗುವುದು ಇದೇ. ಮೇಲೆ ರಾಜರ ತುಲಾಭಾರದ ಕಲ್ಲುಕಂಬ. ತೊಲೆಯ ಅಡಿಯಲ್ಲಿ ತಕ್ಕಡಿ ತೂಗುಹಾಕಲು ಮೂರು ಕಲ್ಲಿನ ಬಳೆ, ತಲೆ ಎತ್ತಿ ನೋಡೋದು ಮರೀಬೇಡಿ.

ಅಲ್ಲಿಂದ ನಾಲ್ಕು ಹೆಜ್ಜೆಗೆ ವಿಠ್ಠಲ. 50 ರೂಪಾಯಿ ನೋಟಿನ ಹಿಂದಿರುವ ಕಲ್ಲಿನ ರಥ ಇಲ್ಲಿದೆ. ಒಳಗೆ ಹೋಗೋಕೆ ಟಿಕೆಟ್ ಬೇಕು.

ಇನ್ನು ಅಮ್ಮನ ಮಂಡಿ. ದಾರಿ ಬಹುಪಾಲು ಸಮತಟ್ಟು, ಅಲ್ಲಲ್ಲಿ ಮೆಟ್ಟಿಲು, ಏರುಪೇರು ಬಂಡೆ. ಕೈ ಹಿಡಿದುಕೊಳ್ಳೋಕೆ ಒಬ್ಬರು ಜೊತೆಗಿರಲಿ. ವಾಪಸ್ ನಡೆಯೋದು ಬೇಡ. ವಿಠ್ಠಲನ ಬಾಗಿಲಿಂದ ಪಾರ್ಕಿಂಗ್‌ವರೆಗೆ ಬ್ಯಾಟರಿ ಗಾಡಿ ಇದೆ, ಅಲ್ಲಿಗೆ ಮೊದಲೇ ಒಂದು ಆಟೋ ಹೇಳಿಟ್ಟಿರಿ.

[ದೃಶ್ಯ: ತೂತಿನ ಸಾಲಿರುವ, ಒಡೆಯದ ಬಂಡೆ.]

ಹೋದವರು ಹೀಗೆ ಅರ್ಧಕ್ಕೆ ಬಿಟ್ಟ ಬಂಡೆ ಕಂಡರೆ ಒಂದು ಫೋಟೋ ಕಳಿಸಿ. ಎಷ್ಟು ತೂತು ಅಂತ ಎಣಿಸಿ ಬರೆಯಿರಿ. ನನಗೆ ಈವರೆಗೆ ಸಿಕ್ಕಿರುವ ಉದ್ದನೆಯ ಸಾಲು ಇದೇ.