ರೆಪ್ಪೆಯೊಳಗಿನ ಎರಡು ಬಣ್ಣದ ಬೆಣ್ಣೆ

[ಮೇಜಿನ ಮೇಲೆ ಒಂದು ಸ್ಕೇಲು, ಎರಡು ಬಟ್ಟಲು ಬೆಣ್ಣೆ: ಒಂದು ಹಸುವಿನದು, ಒಂದು ಎಮ್ಮೆಯದು]

ನಮಸ್ಕಾರ. ನಮ್ಮ ವೀಕ್ಷಕರೊಬ್ಬರ ಪ್ರಶ್ನೆ: “ಅಕ್ಕಾ, ತಂಗಿಯ ಮದುವೆಗೆ ಇನ್ನು ಮೂರು ವಾರ. ಅಷ್ಟರೊಳಗೆ ಕಣ್ಣ ಕೆಳಗಿನ ಚೀಲ ತೆಗೆಸಿಕೊಳ್ಳಬಹುದೇ?” ಉತ್ತರ ಕೊನೆಗೆ ಹೇಳುತ್ತೇನೆ. ಆ ಚೀಲದಲ್ಲಿ ಇರುವುದಾದರೂ ಏನು ಎಂದು ಹುಡುಕಲು ಹೊರಟ ನಾನು ಬೆಣ್ಣೆಯ ಬಟ್ಟಲಿಗೆ ಬಂದು ನಿಂತಿದ್ದೇನೆ.

ಪೀಠಿಕೆ ಬೇಗ ಮುಗಿಸೋಣ. ಈ ಶಸ್ತ್ರಚಿಕಿತ್ಸೆಯ ಹೆಸರು ಬ್ಲೆಫೆರೋಪ್ಲಾಸ್ಟಿ. 1818ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಫಾನ್ ಗ್ರೇಫೆ ಈ ಹೆಸರು ಬಳಸಿದಾಗ ಅಂದದ ಮಾತೇ ಇರಲಿಲ್ಲ. ಕ್ಯಾನ್ಸರ್‌ನಿಂದಾಗಿ ಕತ್ತರಿಸಿದ ರೆಪ್ಪೆಯನ್ನು ಮತ್ತೆ ಕಟ್ಟುವ ಕೆಲಸಕ್ಕೆ ಆತ ಇಟ್ಟ ಹೆಸರು ಅದು. ಈಗ ಮೇಲಿನ ರೆಪ್ಪೆಯ ಮಡಿಕೆಯಲ್ಲೇ ಗೆರೆ ಕೊಯ್ದು ಜೋತ ಚರ್ಮ ತೆಗೆಯುತ್ತಾರೆ. ಕೆಳಗಿನದಕ್ಕೆ ರೆಪ್ಪೆಗೂದಲ ಬುಡದಿಂದಲೋ ರೆಪ್ಪೆಯ ಒಳಮೈಯಿಂದಲೋ ಕೈಹಾಕುತ್ತಾರೆ. ಒಳಮೈಯಿಂದಾದರೆ ಹೊರಗೆ ಕಲೆಯೇ ಕಾಣುವುದಿಲ್ಲ.

ಒಂದು ಪರೀಕ್ಷೆ ಮಾಡಿ. ತಲೆ ಅಲುಗಿಸದೆ ಕಣ್ಣನ್ನು ಮಾತ್ರ ಸೂರಿನತ್ತ ಎತ್ತಿ, ಮನೆಯವರಿಂದ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಸಿ. ಚೀಲ ಇನ್ನಷ್ಟು ಉಬ್ಬಿದ್ದರೆ ಅದು ಬಹುಮಟ್ಟಿಗೆ ಕೊಬ್ಬು. ಹೊಸದಾಗಿ ಬೆಳೆದದ್ದೇನೂ ಅಲ್ಲ. ಕಣ್ಣುಗುಡ್ಡೆಗೆ ಮೆತ್ತೆಯಾಗಿ ಮೊದಲಿನಿಂದಲೂ ಇದ್ದದ್ದೇ. ಹಳೆಯ ದಿಂಬಿನ ಗೌಸು ಸಡಿಲವಾದಾಗ ಹತ್ತಿ ಒಂದು ಮೂಲೆಗೆ ಉಬ್ಬುತ್ತದಲ್ಲ, ಹಾಗೆ ಅದನ್ನು ಹಿಡಿದಿದ್ದ ತೆಳು ಪೊರೆ ವಯಸ್ಸಿನೊಂದಿಗೆ ಸೋತಿದೆ, ಅಷ್ಟೇ.

[ಎರಡೂ ಬಟ್ಟಲು ಕ್ಯಾಮೆರಾದ ಹತ್ತಿರ]

ಈಗ ನನ್ನ ಬೆಣ್ಣೆ. ಮೇಲಿನ ರೆಪ್ಪೆಯೊಳಗೆ ಕೊಬ್ಬಿನ ಎರಡು ಮೆತ್ತೆಗಳಿವೆ. ನಡುವಿನದು ಹಳದಿ, ಮೂಗಿನ ಪಕ್ಕದ್ದು ಬಿಳಿ. ಒಂದೇ ರೆಪ್ಪೆ, ಎರಡು ಬಣ್ಣ! ಹಸುವಿನ ಬೆಣ್ಣೆ ಹಳದಿಯಾಗುವುದು ಹುಲ್ಲಿನಲ್ಲಿರುವ ಕ್ಯಾರೊಟಿನ್ ಎಂಬ ಬಣ್ಣದಿಂದ. ಎಮ್ಮೆ ಅದೇ ಹುಲ್ಲು ಮೇಯ್ದರೂ ಕ್ಯಾರೊಟಿನ್ ಅನ್ನು ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ, ಬೆಣ್ಣೆ ಬಿಳಿ. ರೆಪ್ಪೆಯ ಕೊಬ್ಬನ್ನು ಪ್ರಯೋಗಾಲಯದಲ್ಲಿ ಅಳೆದಾಗ ಹಳದಿ ಮೆತ್ತೆಯಲ್ಲಿ ಕಂಡದ್ದೂ ಇದೇ ಬಳಗದ ಬಣ್ಣ, ಬಿಳಿಯದಕ್ಕಿಂತ ಹೆಚ್ಚಾಗಿ. ಅಂದರೆ ನಮ್ಮ ಕಣ್ಣ ಮೇಲೆ ಹಸುವೂ ಎಮ್ಮೆಯೂ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿ ನಿಂತಿವೆ. ಈ ಸಂಗತಿಯನ್ನು ನಾನು ಮನೆಯಲ್ಲಿ ಊಟದ ಹೊತ್ತಿಗೆ ಹೇಳಿ ಬೈಸಿಕೊಂಡೆ.

ಶಸ್ತ್ರವೈದ್ಯರಿಗೆ ಇದು ತಮಾಷೆಯಲ್ಲ, ದಾರಿ ಗುರುತು. ಬಿಳಿ ಕಂಡರೆ ಮೂಗಿನ ಬದಿಗೆ ಬಂದಿದ್ದೇವೆ ಎಂದು ಗೊತ್ತಾಗುತ್ತದೆ. ಹೊರತುದಿಯಲ್ಲಿ ಕೊಬ್ಬಿನಂತೆ ತೋರುವುದು ಕಣ್ಣೀರಿನ ಗ್ರಂಥಿ. ಅದನ್ನು ಕೊಬ್ಬೆಂದು ಕತ್ತರಿಸಿದರೆ ಕಣ್ಣು ಒಣಗಿದಂತೆಯೇ.

[ಸ್ಕೇಲು ಹುಬ್ಬಿನ ಕೆಳಗೆ]

ಕತ್ತಿಗಿಂತ ಮೊದಲು ಪೆನ್ನು. ನಿಮ್ಮನ್ನು ಕೂರಿಸಿಯೇ ಗೆರೆ ಎಳೆಯುತ್ತಾರೆ, ಮಲಗಿದರೆ ಚರ್ಮ ಜಾಗ ಬದಲಿಸುತ್ತದೆ. ಹುಬ್ಬಿನಿಂದ ರೆಪ್ಪೆಗೂದಲಿನವರೆಗೆ ಸುಮಾರು 20 ಮಿಲಿಮೀಟರ್ ಚರ್ಮ ಉಳಿಯಲೇಬೇಕು ಎಂಬುದು ವೈದ್ಯರ ರೂಢಿ ಲೆಕ್ಕ. ದುರಾಸೆಯಿಂದ ಹೆಚ್ಚು ತೆಗೆಸಿಕೊಂಡರೆ ನಿದ್ದೆಯಲ್ಲೂ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ನನ್ನ ಕೇಳಿದರೆ, “ಪೂರ್ತಿ ಬಿಗಿ ಮಾಡಿಕೊಡುತ್ತೇವೆ” ಎನ್ನುವವರಿಂದ ದೂರವಿರಿ.

ಸಮಯ ಮೀರುತ್ತಿದೆ, ಉಳಿದದ್ದು ಒಂದೇ ಉಸಿರಿಗೆ. ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಅರಿವಳಿಕೆ, ಜೊತೆಗೆ ಮಂಪರು, ಒಂದೆರಡು ಗಂಟೆ, ಬಹುತೇಕರು ಅದೇ ದಿನ ಮನೆಗೆ. ತಲೆ ಎತ್ತರಿಸಿ ಮಲಗುವುದು, ತಣ್ಣನೆಯ ಪಟ್ಟಿ. ಹೊಲಿಗೆ ಸುಮಾರು ಒಂದು ವಾರಕ್ಕೆ ಬಿಚ್ಚುತ್ತಾರೆ. ನೀಲಿಗಟ್ಟಿದ್ದು ಇಳಿಯಲು ಎರಡು ವಾರ, ಪೂರ್ತಿ ಹದಕ್ಕೆ ಬರಲು ತಿಂಗಳುಗಳು. ರಕ್ತ ತೆಳುವಾಗಿಸುವ ಮಾತ್ರೆ, ಮೀನೆಣ್ಣೆಯ ಕ್ಯಾಪ್ಸೂಲ್ ಕೂಡ, ಏನೇ ನುಂಗುತ್ತಿದ್ದರೂ ಮೊದಲೇ ವೈದ್ಯರಿಗೆ ಹೇಳಿ, ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಕಪ್ಪುವರ್ತುಲ ಚರ್ಮದ ಬಣ್ಣವೇ ಆಗಿದ್ದರೆ ಇದರಿಂದ ಹೋಗುವುದಿಲ್ಲ. ಇದೊಂದು ಮಾತ್ರ ನಿಧಾನವಾಗಿ ಕೇಳಿ: ಶಸ್ತ್ರಚಿಕಿತ್ಸೆಯ ನಂತರ ಒಂದು ಕಣ್ಣಿನಲ್ಲಿ ಜೋರು ನೋವು, ಗಟ್ಟಿ ಉಬ್ಬು, ದೃಷ್ಟಿ ಮಸುಕಾದರೆ ಬೆಳಗಾಗಲಿ ಎಂದು ಕಾಯಬೇಡಿ. ಅಪರೂಪವಾದರೂ ಕಣ್ಣ ಹಿಂದೆ ರಕ್ತ ತುಂಬಿಕೊಳ್ಳುತ್ತಿರಬಹುದು. ಆ ಗಳಿಗೆಯಲ್ಲೇ ಆಸ್ಪತ್ರೆ.

ಇನ್ನು ಮದುವೆಯ ಪ್ರಶ್ನೆ. ಮೂರು ವಾರಕ್ಕೆ ನೀಲಿ ಬಣ್ಣ ಇಳಿದಿರಬಹುದು, ಫೋಟೋ ಚೆನ್ನಾಗಿಯೂ ಬರಬಹುದು. ಆದರೆ ಆಗ ಕಣ್ಣು ಒಣಗಿ, ಬೆಳಕಿಗೆ ಉರಿಯುವ ಸಾಧ್ಯತೆ ಇನ್ನೂ ಇರುತ್ತದೆ. ನೀವು ವಧುವಿನ ಒಡಹುಟ್ಟಿದವರು. ಅರಳು ಹಾಕಲು ಹೋಮಕುಂಡದ ಪಕ್ಕದಲ್ಲೇ ನಿಲ್ಲಿಸುತ್ತಾರೆ. ಆ ಹೊಗೆಯನ್ನು ನೆನೆಸಿಕೊಂಡು, ತಂಗಿಯನ್ನು ಕಳುಹಿಸಿಕೊಟ್ಟ ಮೇಲೆ ತಾರೀಖು ಕೇಳಿ.