ಒತ್ತಬೇಡಿ, ರೇಜರ್ ತಾನೇ ಇಳಿಯುತ್ತೆ

ಕೇಳುಗರಿಗೆಲ್ಲ ನಮಸ್ಕಾರ. ಹಳೇ ಕಾಲದ ಸೇಫ್ಟಿ ರೇಜರ್ ಹಿಡ್ಕೊಂಡು ನೀಟಾಗಿ ಶೇವ್ ಮಾಡ್ಕೊಳ್ಳೋದು ಹೇಗೆ ಅಂತ ಒಂದು ಹದಿನೈದು ನಿಮಿಷ ಮಾತಾಡಿ ಅಂದ್ರು, ಒಪ್ಕೊಂಡು ಬಂದಿದೀನಿ. ನಿಜ ಹೇಳ್ಬೇಕಂದ್ರೆ ಹದಿನೈದು ನಿಮಿಷ ಬೇಕಾಗಿಲ್ಲ, ಒಂದು ಪದ ಸಾಕು. ಒತ್ತಬೇಡಿ. ಇಷ್ಟು ಹೇಳಿ ಎದ್ದು ಹೋಗ್ಬಹುದಿತ್ತು, ಆದ್ರೆ ಈ ಪದಾನ ನಾನು 30 ವರ್ಷದಿಂದ ಕಂಡೋರಿಗೆಲ್ಲ ಹೇಳ್ತಾನೇ ಇದೀನಿ, ಎಲ್ಲಾರೂ ಹೂಂ ಹೂಂ ಅಂತ ತಲೆ ಆಡಿಸ್ತಾರೆ, ಮಾರನೇ ದಿನ ಗದ್ದದ ಮೇಲೆ ಪೇಪರ್ ಚೂರು ಅಂಟಿಸ್ಕೊಂಡು ಎದುರಿಗೆ ಬರ್ತಾರೆ. ಅದಕ್ಕೇ ಪೂರ್ತಿ ಟೈಮ್ ತಗೊಂಡೇ ಹೇಳ್ತೀನಿ.

ಈಗ ಕೇಳ್ತಾ ಇರೋ ನೀವು ಯಾರು ಅಂತ ನಂಗೆ ಗೊತ್ತು. ತಾತನ ಹಳೇ ಪೆಟ್ಟಿಗೆ ಕ್ಲೀನ್ ಮಾಡೋವಾಗ ಒಂದು ಹಿತ್ತಾಳೆ ರೇಜರ್ ಸಿಕ್ಕಿದೆ. ಚೆನ್ನಾಗಿದ್ಯಲ್ಲಾ ಅಂತ ಉಜ್ಜಿ ತೊಳೆದ್ರಿ, ಹೊಸ ಬ್ಲೇಡ್ ಹಾಕಿದ್ರಿ, ಕನ್ನಡಿ ಮುಂದೆ ನಿಂತು ಒಂದು ಎಳೆದ್ರಿ, ರಕ್ತ. ಇನ್ನೊಂದು ಎಳೆದ್ರಿ, ಇನ್ನೂ ರಕ್ತ. ಆಮೇಲೆ ಇವೆಲ್ಲ ಆ ಕಾಲದೋರಿಗೇ ಸರಿ, ಅವರ ಚರ್ಮ ಗಟ್ಟಿ ಇತ್ತು ಅಂತ ಹೇಳಿ ವಾಪಸ್ ಪೆಟ್ಟಿಗೆಗೆ ಹಾಕಿದ್ರಿ. ಅವರ ಚರ್ಮವೂ ನಿಮ್ಮ ಥರದ್ದೇ. ಅವರು ಒತ್ತುತಿರ್ಲಿಲ್ಲ, ನೀವು ಒತ್ತುತೀರಿ, ವ್ಯತ್ಯಾಸ ಇರೋದು ಅಷ್ಟೇ.

ನಿಮ್ಮದೂ ಪೂರ್ತಿ ತಪ್ಪಲ್ಲ ಬಿಡಿ. 1971ರಲ್ಲಿ ಜೋಡಿ ಬ್ಲೇಡಿನ ಕಾರ್ಟ್ರಿಜ್ ರೇಜರ್ ಬಂತು, ಆಮೇಲೆ ಮೂರಾಯ್ತು, ಐದಾಯ್ತು, ತಲೆ ಅತ್ತಿತ್ತ ಬಾಗೋ ಹಾಗೂ ಮಾಡಿದ್ರು. ಅದರಲ್ಲಿ ಒತ್ತಿದ್ರೂ ನಡೆಯುತ್ತೆ, ಯಾಕಂದ್ರೆ ನಿಮ್ಮ ಭಾರ ಐದು ಬ್ಲೇಡಿಗೆ ಹಂಚಿ ಹೋಗುತ್ತೆ, ಮುಖದ ಏರಿಳಿತಕ್ಕೆ ತಲೆ ತಾನೇ ಬಾಗ್ಕೊಳ್ಳುತ್ತೆ. ಹಾಗಾಗಿ ಕೈ ಕೆಟ್ಟೋಗಿದೆ. ಹಳೇ ರೇಜರ್ ತಲೆ ಬಾಗಲ್ಲ, ಬಾಗಬೇಕಾದ್ದು ನಿಮ್ಮ ಮಣಿಕಟ್ಟು. ಭಾರ ಪೂರ್ತಿ ಬೀಳೋದು ಒಂದೇ ಒಂದು ಅಂಚಿನ ಮೇಲೆ. ಆ ಬ್ಲೇಡ್ ದಪ್ಪ ಎಷ್ಟು ಗೊತ್ತಾ, ಮಿಲಿಮೀಟರಿನ ಹತ್ತನೇ ಒಂದು ಭಾಗ. ಬರೀ ಕೈಯಲ್ಲಿ ಹಿಡಿದ್ರೆ ಕಾಗದದ ಥರ ಬಳುಕುತ್ತೆ, ರೇಜರ್ ತಲೆ ಅದನ್ನ ಬಗ್ಗಿಸಿ ಬಿಗಿಯಾಗಿ ಕಚ್ಚಿ ಹಿಡಿಯೋದರಿಂದಲೇ ಅದಕ್ಕೆ ಗಟ್ಟಿತನ. ಇಷ್ಟು ತೆಳ್ಳಗಿನ ಉಕ್ಕಿನ ಪಟ್ಟಿಗೆ ಅಂಚು ಕಟ್ಟೋಕೆ ಆಗೋದೇ ಇಲ್ಲ ಅಂತ ತಿಳಿದೋರು, ಈ ರೇಜರ್ ಮಾಡೋಕೆ ಹೊರಟಿದ್ದ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಹೇಳಿದ್ರಂತೆ, ಕೊನೆಗೆ ವಿಲಿಯಂ ನಿಕರ್ಸನ್ ಅನ್ನೋ ಎಂಜಿನಿಯರ್ ಮಾಡಿ ತೋರ್ಸಿದ್ರು. 1903ರಲ್ಲಿ ಮೊದಲು ಮಾರಾಟಕ್ಕೆ ಬಂದಾಗ ಆ ವರ್ಷ ಹೋಗಿದ್ದು ಬರೀ 51 ರೇಜರು, 168 ಬ್ಲೇಡು. 1904ರ ನವೆಂಬರ್‌ನಲ್ಲಿ ಪೇಟೆಂಟ್ ಸಿಕ್ತು. ಆ ಡಿಸೈನ್ ಇವತ್ತಿಗೂ ಹೆಚ್ಚುಕಮ್ಮಿ ಅದೇ, ಈಗಿನ ಬ್ಲೇಡ್ ನಿಮ್ಮ ತಾತನ ರೇಜರಿಗೆ ಸಲೀಸಾಗಿ ಕೂರುತ್ತೆ. ನನಗಂತೂ ಇದು ಇವತ್ತಿಗೂ ಸೋಜಿಗ.

ಒತ್ತಿದ್ರೆ ಏನಾಗುತ್ತೆ ಅಂತ ಸ್ವಲ್ಪ ಕಣ್ಮುಂದೆ ತಂದ್ಕೊಳ್ಳಿ. ಬ್ಲೇಡ್ ಅಂಚಿನ ಕೆಳಗೆ ಒಂದು ದಂಡೆ ಇದೆ, ಕೆಲವದರಲ್ಲಿ ಬಾಚಣಿಗೆ ಥರ ಹಲ್ಲು ಇರುತ್ತೆ. ದಂಡೆಗೂ ಅಂಚಿಗೂ ನಡುವೆ ಒಂದು ಸಣ್ಣ ಸಂದಿ. ಕೆನ್ನೆಗೆ ಒತ್ತಿದ ತಕ್ಷಣ ಮೆತ್ತಗಿರೋ ಚರ್ಮ ಆ ಸಂದಿಯೊಳಗೆ ಉಬ್ಬುತ್ತೆ, ಉಬ್ಬಿದ್ದನ್ನ ಬ್ಲೇಡ್ ಸವರ್ಕೊಂಡು ಹೋಗುತ್ತೆ. ಬ್ಲೇಡಿಗೇನು ಗೊತ್ತು ಇದು ಕೂದ್ಲು ಇದು ಚರ್ಮ ಅಂತ, ಎದುರಿಗೆ ಬಂದಿದ್ದನ್ನ ಕೊಯ್ಯುತ್ತೆ. ರೇಜರಿನ ತೂಕ ಎಷ್ಟಿದ್ಯೋ ಅಷ್ಟೇ ಸಾಕು. ನಿಮ್ಮದೇನೂ ಸೇರಿಸ್ಬೇಡಿ.

ಇದನ್ನ ನಂಗೆ ಕಲಿಸಿದ್ದು ನಮ್ಮ ಮಾವ, ಹೆಂಡತಿ ತಂದೆ. ಈ ಕತೆ ನಮ್ಮ ಮನೆಯೋರು ನೂರು ಸಲ ಕೇಳಿದಾರೆ, ನೀವೂ ಒಂದು ಸಲ ಕೇಳಿ. ಮಾವ ಗಡಿಯಾರ ರಿಪೇರಿ ಮಾಡ್ತಿದ್ರು. ಕಣ್ಣಿಗೆ ಭೂತಗನ್ನಡಿ ಸಿಗಿಸ್ಕೊಂಡು ಕೂತ್ರೆ ಊಟದ ಹೊತ್ತಾದ್ರೂ ಏಳ್ತಿರ್ಲಿಲ್ಲ. ವಯಸ್ಸಾದ ಮೇಲೆ ಕೈ ನಡುಗೋಕೆ ಶುರುವಾಯ್ತು, ಕಾಫಿ ಲೋಟ ಹಿಡಿದ್ರೆ ತುಳುಕೋದು, ಆದ್ರೆ ಬೆಳಿಗ್ಗೆ ಅದೇ ಕೈಯಲ್ಲಿ ರೇಜರ್ ಹಿಡಿದು ಹೊರಗೆ ಬಂದ್ರೆ ಮುಖದ ಮೇಲೆ ಒಂದು ಗೆರೆ ಇರ್ತಿರ್ಲಿಲ್ಲ. ನಾನು ಹೊಸ ಅಳಿಯ. ಗಟ್ಟಿ ಕೈ, ಒಳ್ಳೇ ಕಣ್ಣು. ಅವರ ಹತ್ರ ಇದ್ದ ಇನ್ನೊಂದು ರೇಜರ್, ಮೂರು ತುಂಡಾಗಿ ಬಿಚ್ಚೋ ಅಂಥದ್ದು, ಅದನ್ನ ನಂಗೆ ಕೊಟ್ಟಿದ್ರು. ಮೊದಲನೇ ದಿನ ಸ್ನಾನದ ಮನೆಯಿಂದ ಹೊರಗೆ ಬಂದಾಗ ನನ್ನ ಮುಖದ ಮೇಲೆ ಪೇಪರ್ ಚೂರು ಐದು. ಮಾವ ನೋಡಿದ್ರು, ಏನೂ ಅನ್ಲಿಲ್ಲ. ನನ್ನ ಹೆಂಡತಿ ನಕ್ಕಳು, ಅದು ಬೇರೆ ವಿಷ್ಯ.

ಮಾರನೇ ದಿನ ನಾನು ಮುಖಕ್ಕೆ ನೊರೆ ಹಚ್ಕೊಂಡು ರೆಡಿ ಆಗ್ತಿದೀನಿ, ಹಿಂದೆ ಬಂದು ನಿಂತ್ರು. ಇಲ್ಲಿ ಕೊಡಪ್ಪ ಅಂದ್ರು. ರೇಜರ್ ತಗೊಂಡು ನೀರಲ್ಲಿ ಅದ್ದಿದ್ರು, ಮೈಗೆ ಹಾಕೋ ಸೋಪ್ ತಗೊಂಡು ಹಿಡಿ ಪೂರ್ತಿ ಸವರಿದ್ರು, ಮೇಲಿಂದ ಕೆಳಗೆ ಎರಡು ಸಲ, ಆಮೇಲೆ ವಾಪಸ್ ಕೊಟ್ಟು, ಹೂಂ ಈಗ ಮಾಡ್ಕೋ ಅಂದ್ರು. ನಾನು ಎಂದಿನ ಹಾಗೆ ಮುಷ್ಟಿ ಬಿಗಿ ಹಿಡಿದು ಕೆನ್ನೆಗೆ ಇಟ್ಟೆ, ಸರ್ರಂತ ಜಾರಿ ಸಿಂಕಿಗೆ ಬಿತ್ತು. ತಗೊಂಡೆ, ಮತ್ತೆ ಬಿಗಿ ಹಿಡಿದೆ, ಮತ್ತೆ ಬಿತ್ತು. ಮಾವ ಎತ್ತಿ ಕೊಡ್ತಾರೆ, ಮಾತಿಲ್ಲ. ಬಿಗಿ ಹಿಡಿದಷ್ಟೂ ಜಾರುತ್ತೆ ಅಂತ ಮೂರನೇ ಸಲಕ್ಕೆ ತಲೆಗೆ ಹೋಯ್ತು. ಹಿಡಿಯ ತುದೀಲಿ ಮೂರು ಬೆರಳು ಸುಮ್ನೆ ಆನಿಸಿ ಹಿಡಿದೆ, ಬೀಳದೆ ಇರೋ ಅಷ್ಟು ಮಾತ್ರ. ಹಾಗೆ ಹಿಡಿದ್ರೆ ಒತ್ತಬೇಕು ಅಂದ್ರೂ ಒತ್ತೋಕಾಗಲ್ಲ, ಬೆರಳು ಜಾರಿಹೋಗುತ್ತೆ. ಹಾಂ, ಇಳೀಲಿ ಬಿಡು ಅಂದ್ರು.

ಇಳೀತು. ನಲ್ಲಿ ನಿಲ್ಸು ಅಂದ್ರು, ನಿಲ್ಲಿಸ್ದೆ. ಈಗ ಕೇಳ್ಸ್ತಾ? ಆಗ ಕೇಳಿಸ್ತು ನೋಡಿ, ಚರ್ ಚರ್ ಅಂತ ಸಣ್ಣ ಸದ್ದು, ಒಣಗಿದ ಎಲೆ ಮೇಲೆ ಇರುವೆ ನಡೆದ ಹಾಗೆ. ನೀವು ರೇಡಿಯೋ ಕೇಳೋರು, ನಿಮಗೆ ಇದು ಬೇಗ ಹಿಡಿಯುತ್ತೆ. ಕೋನ ಸರಿ ಇದ್ರೆ ಆ ಸದ್ದು ಬರುತ್ತೆ, ಕೋನ ತಪ್ಪಿದ್ರೆ ಸದ್ದು ನಿಲ್ಲುತ್ತೆ, ಒತ್ತಿದ್ರೆ ಸದ್ದು ದಪ್ಪ ಆಗಿ ಕೆರೆದ ಹಾಗೆ ಕೇಳ್ಸುತ್ತೆ. ಕನ್ನಡಿಗಿಂತ ಕಿವಿ ವಾಸಿ.

ಒಂದು ಸುತ್ತು ಮುಗೀತು, ಕೈಯಾಡಿಸಿ ನೋಡಿದ್ರೆ ಅಲ್ಲಲ್ಲಿ ಇನ್ನೂ ಚುಚ್ಚುತ್ತೆ. ಮಾವ, ಇನ್ನೂ ಉಳಿದಿದ್ಯಲ್ಲಾ ಅಂದೆ. ಇರ್ಲಿ ಬಿಡಪ್ಪ, ನಾಳೆ ಏನು ಮಾಡ್ತೀಯ ಮತ್ತೆ? ಅಂದು ರೇಜರ್ ಕಸ್ಕೊಂಡು ಹೋಗ್ಬಿಟ್ರು. ಹತ್ತು ದಿನ ಹಿಡಿಗೆ ಸೋಪ್ ಹಚ್ಚಿಯೇ ಕೊಟ್ರು. ಹನ್ನೊಂದನೇ ದಿನ ಸೋಪ್ ಇಲ್ಲ, ನಾನು ಅದೇ ಮೂರು ಬೆರಳಲ್ಲಿ ಹಿಡ್ಕೊಂಡಿದ್ದೆ, ನಂಗೇ ಗೊತ್ತಾಗ್ಲಿಲ್ಲ. ಆಮೇಲೆ ಒಂದು ಸಲ ಕೇಳ್ದೆ, ಇದನ್ನ ಎಲ್ಲಿ ಕಲಿತ್ರಿ ಮಾವ ಅಂತ. ಗಡಿಯಾರದ ಸ್ಕ್ರೂ ಮೇಲೆ ಭಾರ ಹಾಕಿದೋನು ಗಡಿಯಾರ ಕೆಡಿಸ್ತಾನೆ ಅಂದ್ರು, ಮತ್ತೆ ಭೂತಗನ್ನಡಿ ಹಾಕ್ಕೊಂಡ್ರು. ಆ ರೇಜರ್ ಇವತ್ತೂ ನನ್ನ ಹತ್ರ ಇದೆ, ಇವತ್ತು ಬೆಳಿಗ್ಗೆನೂ ಅದರಲ್ಲೇ...

ಸರಿ, ಗಾಜಿನ ಆಚೆ ಕೂತಿರೋರು ಬೆರಳು ತೋರಿಸ್ತಿದಾರೆ, ಐದು ನಿಮಿಷ ಉಳಿದಿದೆಯಂತೆ. ಇನ್ನೂ ಕೋನ ಹೇಳಿಲ್ಲ, ನೊರೆ ಹೇಳಿಲ್ಲ, ಬೇಗ ಬೇಗ ಹೇಳ್ತೀನಿ.

ಕೋನ. ಡಿಗ್ರಿ ಅಳೀತಾ ಕೂರಬೇಡಿ. ರೇಜರ್ ತಲೆಯ ಮೇಲ್ಭಾಗಾನ ಕೆನ್ನೆಗೆ ಆನಿಸಿ, ಹಿಡಿ ನೆಟ್ಟಗೆ ಮುಂದಕ್ಕೆ ಚಾಚಿರ್ಲಿ, ಆಗ ಏನೂ ಕೊಯ್ಯಲ್ಲ. ಈಗ ಮೆಲ್ಲಗೆ ಎಳೀತಾ ಹಿಡೀನ ಸ್ವಲ್ಪ ಸ್ವಲ್ಪ ಕೆಳಗೆ ಇಳಿಸಿ, ಆ ಚರ್ ಚರ್ ಶುರುವಾಯ್ತಲ್ಲ, ಅಲ್ಲಿಗೆ ನಿಲ್ಸಿ. ಹೆಚ್ಚುಕಮ್ಮಿ 30 ಡಿಗ್ರಿ ಇರುತ್ತೆ. ದವಡೆ ತಿರುವಿನಲ್ಲಿ ಕೋನ ಕೈಬಿಟ್ಟು ಹೋಗುತ್ತೆ, ಅಲ್ಲಿ ಎಲ್ಲಾರೂ ಮಾಡೋದು ಒತ್ತೋದು. ಒಂದು ಇಂಚಿನ ಚಿಕ್ಕ ಎಳೆತ ಸಾಕು, ಇನ್ನೊಂದು ಕೈಯಲ್ಲಿ ಚರ್ಮ ಹಿಂದಕ್ಕೆ ಎಳೆದು ಹಿಡ್ಕೊಳ್ಳಿ.

ಕೂದ್ಲು ಯಾವ ಕಡೆ ಬೆಳೀತಿದೆ ಅಂತ ಎರಡು ದಿನ ಗಡ್ಡ ಬಿಟ್ಟು ಬೆರಳಾಡಿಸಿ ನೋಡಿ. ಕೆನ್ನೇಲಿ ಕೆಳಕ್ಕೆ ಇರುತ್ತೆ, ಕುತ್ತಿಗೇಲಿ ಸುಮಾರು ಜನಕ್ಕೆ ಅಡ್ಡಡ್ಡ ಇರುತ್ತೆ, ಮೇಲಕ್ಕೂ ಇರಬಹುದು. ಮೊದಲನೇ ಸುತ್ತು ಬೆಳೆದ ದಿಕ್ಕಿಗೇ. ಮತ್ತೆ ನೊರೆ ಹಚ್ಚಿ, ಎರಡನೇ ಸುತ್ತು ಅಡ್ಡಕ್ಕೆ. ಎದುರು ದಿಕ್ಕಿಗೆ ಎಳೆಯೋದು ಕೈ ಪಳಗಿದ ಮೇಲೆ, ಕುತ್ತಿಗೇಲಿ ಗುಳ್ಳೆ ಏಳೋರಿಗೆ ಅದು ಬೇಡವೇ ಬೇಡ. ಒಂದೇ ಸುತ್ತಿನಲ್ಲಿ ಬೋಳಿಸ್ಬೇಕು ಅನ್ನೋ ಆಸೆಯೇ ಕೈಗೆ ಭಾರ ತರೋದು. ಪ್ರತಿ ಸುತ್ತಲ್ಲೂ ಸ್ವಲ್ಪ ಸ್ವಲ್ಪ ಕಮ್ಮಿ ಆಗ್ತಾ ಹೋಗ್ಲಿ.

ನೊರೆ. ಇದಕ್ಕೆ ಒಂದು ದಿನ ಪೂರ್ತಿ ಮಾತಾಡ್ಬಹುದು. ಮುಖಾನ ಎರಡು ಮೂರು ನಿಮಿಷ ಬಿಸಿನೀರಲ್ಲಿ ಚೆನ್ನಾಗಿ ನೆನೆಸಿ, ನೀರು ಕುಡಿದ ಕೂದ್ಲು ಮೆತ್ತಗಾಗುತ್ತೆ. ಒಣಗಿದ ಕೂದ್ಲು ಬ್ಲೇಡಿಗೆ ತಡೆ ಕೊಡುತ್ತೆ, ತಡೆ ಕೊಟ್ರೆ ನೀವು ಏನ್ ಮಾಡ್ತೀರಿ? ಒತ್ತುತೀರಿ. ನೊರೆ ಹತ್ತಿ ಥರ ಗಾಳಿ ತುಂಬ್ಕೊಂಡು ನಿಂತಿರಬಾರದು, ಹೊಳೀತಾ ಜಾರೋ ಹಾಗಿರಬೇಕು, ಒಣ ಅನ್ಸಿದ್ರೆ ಬ್ರಶ್ಶಿಗೆ ಎರಡು ಹನಿ ನೀರು ಸೇರ್ಸಿ. ಗಡಸು ನೀರಾದ್ರೆ ಅದರಲ್ಲಿರೋ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಕೆನೆಗಟ್ಟಿ ನೊರೆ ಸಾಯುತ್ತೆ, ಆಗ ಸೋಪ್ ಜಾಸ್ತಿ ತಗೊಳ್ಳಿ, ಇಲ್ಲಾ ಒಂದು ಲೋಟ ಆರ್‌ಒ ಫಿಲ್ಟರ್ ನೀರು ಇಟ್ಕೊಳ್ಳಿ.

ಬ್ಲೇಡ್ ಬದಲಾಯ್ಸೋಕೆ ಜಿಪುಣತನ ಬೇಡ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ತಮ್ಮದೇ ಗಡ್ಡ ತೆಗೆದು ಬ್ಲೇಡ್‌ನ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದ್ರು. ಉಕ್ಕು ಕೂದ್ಲಿಗಿಂತ ಸುಮಾರು 50 ಪಟ್ಟು ಗಟ್ಟಿ, ಆದ್ರೂ ಕೂದ್ಲು ಬಾಗಿದ ಹಾಗೆ ಸಿಕ್ಕಿದಾಗ ಅಂಚಿನಿಂದ ಸಣ್ಣ ಸಣ್ಣ ಚಕ್ಕೆ ಎದ್ದಿತ್ತು. ಮೂರರಿಂದ ಐದು ಶೇವ್, ಆಮೇಲೆ ಹೊಸದು. ಜಗ್ಗಿದ ಹಾಗೆ ಆಯ್ತು ಅಂದ್ರೆ ಅದಕ್ಕೂ ಮುಂಚೇನೇ. ಮೊಂಡ ಬ್ಲೇಡ್ ಹಿಡ್ಕೊಂಡೋನು ಒತ್ತದೇ ಇರೋಕೆ ಆಗೋದೇ ಇಲ್ಲ. ಬ್ಲೇಡನ್ನ ಬಟ್ಟೇಲಿ ಒರೆಸ್ಬೇಡಿ, ಜಾಡಿಸಿ ಒಣಗೋಕೆ ಬಿಡಿ.

ಹಳೇ ರೇಜರ್ ಕೊಳ್ಳೋರು, ಪೆಟ್ಟಿಗೇಲಿ ಸಿಕ್ಕೋರು, ಬ್ಲೇಡ್ ಹಾಕಿ ತಲೆಯನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಎರಡೂ ಕಡೆ ಅಂಚು ಒಂದೇ ಅಳತೆಗೆ ಹೊರಗೆ ಬಂದಿರಬೇಕು. ಹಿಡಿಯ ಕೆಳಗಿನ ತುದಿ ತಿರುಗಿಸಿದ್ರೆ ತಲೆ ಬಾಗಿಲ ಥರ ತೆರೆಯೋ ರೇಜರ್ ಆದ್ರೆ ಎರಡೂ ಬಾಗಿಲು ಸಮವಾಗಿ ಮುಚ್ಚಬೇಕು. ಬಾಚಣಿಗೆ ಹಲ್ಲು ಬಾಗಿರಬಾರದು. ತೊಳೆಯೋಕೆ ಪಾತ್ರೆ ತೊಳೆಯೋ ಲಿಕ್ವಿಡ್, ಉಗುರು ಬೆಚ್ಚಗಿನ ನೀರು, ಹಳೇ ಟೂತ್‌ಬ್ರಶ್, ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಿ. ಕುದಿಸಬೇಡಿ, ಚಿನ್ನದ ಲೇಪ ಇದ್ರೆ ಪಾಲಿಶ್ ಹಾಕಿ ಉಜ್ಜಬೇಡಿ, ತೆಳು ಲೇಪ, ಎದ್ದೋಗುತ್ತೆ. ಒಂದರಿಂದ ಒಂಬತ್ತರವರೆಗೆ ನಂಬರ್ ಇರೋ ಅಡ್ಜಸ್ಟಬಲ್, ಅಂದ್ರೆ ಆ ಸಂದೀನ ಹೆಚ್ಚುಕಮ್ಮಿ ಮಾಡೋ ರೇಜರ್ ಸಿಕ್ಕಿದ್ರೆ ಎರಡರಲ್ಲೋ ಮೂರರಲ್ಲೋ ಶುರು ಮಾಡಿ. ಒಬ್ಬ ಸ್ನೇಹಿತ ಮೊದಲನೇ ದಿನವೇ ಒಂಬತ್ತಕ್ಕೆ ಇಟ್ಟು, ಮೇಲಿಂದ ಒತ್ತಿದ್ದ. ಆ ಕತೆ ಹೇಳೋಕೆ ಟೈಮಿಲ್ಲ.

ಕೊನೇದಾಗಿ ಪಟಿಕ. ಶೇವ್ ಆದ ಮೇಲೆ ತಣ್ಣೀರಲ್ಲಿ ಮುಖ ತೊಳೆದು ಒದ್ದೆ ಮುಖದ ಮೇಲೆ ಪಟಿಕದ ಗಡ್ಡೆ ಆಡ್ಸಿ. ರಕ್ತ ನಿಲ್ಲಿಸೋಕೆ ಅಂತ ಎಲ್ಲಾರೂ ಇಟ್ಕೋತಾರೆ, ನಾನು ಇಟ್ಕೊಳ್ಳೋದು ಬೇರೆ ಕಾರಣಕ್ಕೆ. ಅದು ಎಲ್ಲಿ ಚುರ್ರ್ ಅಂತ ಉರಿಯುತ್ತೋ ಅಲ್ಲಿ ನೀವು ಒತ್ತಿದೀರಿ. ಕನ್ನಡೀಲಿ ಏನೂ ಕಾಣದಿದ್ರೂ ಪಟಿಕಕ್ಕೆ ಗೊತ್ತಾಗುತ್ತೆ. ಉರಿದಿದ್ದು ಗದ್ದದ ಕೆಳಗಾ, ಬಲಗಡೆ ಕುತ್ತಿಗೇಲಾ, ನೆನಪಿಟ್ಕೊಂಡು ನಾಳೆ ಆ ಜಾಗಕ್ಕೆ ಬಂದಾಗ ಮಾತ್ರ ಹಿಡಿಯ ತುದಿಗೆ ಬೆರಳು ಜಾರ್ಸಿ. ಅಲ್ಲೂ ಆಗ್ಲಿಲ್ಲ ಅಂದ್ರೆ ಮಾವನ ಸೋಪು ಇದ್ದೇ ಇದೆ. ಹಿಡಿಗೆ ಸೋಪ್ ಹಚ್ಚೋ ಮೊದಲು ಸಿಂಕ್ ಒಳಗೆ ಒಂದು ಟವೆಲ್ ಮಡಚಿ ಹಾಸ್ಕೊಳ್ಳಿ, ಬಿದ್ರೆ ಅಂಚು ಬಾಗುತ್ತೆ, ಎಪ್ಪತ್ತು ವರ್ಷದ ಹಳೇ ರೇಜರಿಗೆ ಬಿಡಿ ಭಾಗ ಹುಡುಕೋ ಕಷ್ಟ ಬೇಡ. ಬಿದ್ದಾಗ ಹಿಡಿಯೋಕೆ ಮಾತ್ರ ಕೈ ಹಾಕ್ಬೇಡಿ. ನಮಸ್ಕಾರ.